ತೀರ್ಪು ಸಿಕ್ಕಿತು ಸರಿ, ಅದಕ್ಕೆ ಜೀವ ಇದೆಯೇ?

2023ರ ಜನವರಿ. ದೆಹಲಿಯ ಚಳಿ ಹೇಗಿರುತ್ತದೆಂದು ಇಲ್ಲಿರುವ ಕನ್ನಡಿಗರಿಗೆ ಹೇಳಬೇಕಿಲ್ಲ. ಮಯೂರ ವಿಹಾರದಲ್ಲಿ ಮೆಟ್ರೊ ಹತ್ತಿ ಮಂಡಿ ಹೌಸ್‌ನಲ್ಲಿ ರೈಲು ಬದಲಿಸುವಾಗ ಫೋನ್ ರಿಂಗಾಯಿತು. ಹಾವೇರಿ ಜಿಲ್ಲೆಯ ನಮ್ಮೂರಿನಿಂದ ಕಾಕಾ.

“ಯವ್ವಾ ತಂಗಿ, ನಮ್ಮ ಹೊಲದ ಕೇಸು ಗೆದ್ದಂಗ ಆತು ನೋಡು!”

ಕಾಕಾ ಇಷ್ಟು ಹುರುಪಿನಿಂದ ಮಾತಾಡಿ ವರ್ಷಗಳೇ ಆಗಿದ್ದವು. ಕಾಲುವೆಗೆಂದು ಸರ್ಕಾರ ನಮ್ಮ ಮನೆತನದ ಹೊಲ ತೆಗೆದುಕೊಂಡು ಹದಿನೈದು ವರ್ಷ ದಾಟಿತ್ತು. ಕಾಲುವೆ ಆಯಿತು, ನೀರೂ ಹರಿಯಿತು. ಪರಿಹಾರದ ಹಣ ಮಾತ್ರ ಕೈಗೆ ಬರಲಿಲ್ಲ. ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಇತ್ತು, ನೋಟಿಸೂ ಅಜ್ಜನ ಹೆಸರಿಗೇ ಬಂತು. ವಾರಸುದಾರರು ಯಾರೆಂದು ತೀರ್ಮಾನವಾಗುವಷ್ಟರಲ್ಲಿ ಹಣ ಸರ್ಕಾರಿ ಖಾತೆಯೊಂದರಲ್ಲಿ ಹೋಗಿ ಕೂತಿತ್ತು.

“ವಕೀಲರ ಕಡೆ ಇರೋ ಹುಡುಗ ಮೊಬೈಲ್‌ನ್ಯಾಗ ಸುಪ್ರೀಂ ಕೋರ್ಟಿನ ಜಡ್ಜ್‌ಮೆಂಟ್ ಹುಡುಕ್ಯಾನ. ರೊಕ್ಕ ಕೊಡಲಿಲ್ಲಂದ್ರ ಸ್ವಾಧೀನನ ರದ್ದಂತ. ಹೊಲ ವಾಪಸ್ ಬರ್ತೈತಂತ. ಯಾವುದೋ ಪುಣೆ ಕೇಸಂತವಾ.”

ಪುಣೆ ಕೇಸು ಎಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು. “ಅದು ಯಾವ ವರ್ಷದ್ದಂತ ಹೇಳ್ಯಾನೇನ್ರೀ ಕಾಕಾ?”

“ಎರಡ ಸಾವಿರದ ಹದಿನಾಕು. ಯಾಕವಾ?”

ಸುತ್ತಲೂ ಜನ ನೂಕುತ್ತಿದ್ದರು. ರಾತ್ರಿ ಫೋನ್ ಮಾಡುತ್ತೇನೆ ಎಂದು ಹೇಳಿ ಇಟ್ಟೆ. ಆ ಹುಡುಗ ಸುಳ್ಳು ಹೇಳಿರಲಿಲ್ಲ. ಅವನಿಗೆ ಸಿಕ್ಕಿದ್ದು ನಿಜವಾದ ತೀರ್ಪು, ಸುಪ್ರೀಂ ಕೋರ್ಟಿನದೇ ತೀರ್ಪು. ಆದರೆ ಅದು ಸತ್ತು ಮೂರು ವರ್ಷವಾಗುತ್ತ ಬಂದಿತ್ತು.

ಗುಮಾಸ್ತರ ಗೋಂದಿನ ಡಬ್ಬಿ

ದೆಹಲಿಯ ಕನ್ನಡದ ಕೂಟಗಳಲ್ಲಿ ಹೊಸಬರು ಸಿಕ್ಕಾಗ ನನ್ನ ಕೆಲಸ ವಿವರಿಸುವುದು ಕಷ್ಟ. “ವಕೀಲರಾ?” ಅಲ್ಲ. “ಕೋರ್ಟಿನಲ್ಲಾ?” ಅಲ್ಲ. ದರಿಯಾಗಂಜಿನ ಕಡೆ ಕಾನೂನು ಪುಸ್ತಕ ಪ್ರಕಾಶನವೊಂದರಲ್ಲಿ 2008ರಿಂದ ಸಂಪಾದಕಿ. ಕೋರ್ಟುಗಳು ಬರೆದ ತೀರ್ಪುಗಳನ್ನು ಓದಿ, ಅವು ಯಾವ ವಿಷಯಕ್ಕೆ ಸೇರುತ್ತವೆ, ಯಾವ ಕಾಯ್ದೆಯ ಯಾವ ಕಲಮಿಗೆ ಸಂಬಂಧಿಸಿವೆ, ಹಿಂದಿನ ಯಾವ ತೀರ್ಪನ್ನು ಒಪ್ಪಿವೆ, ಯಾವುದನ್ನು ತಳ್ಳಿಹಾಕಿವೆ ಎಂದು ಗುರುತು ಹಾಕುವುದು ನನ್ನ ಕೆಲಸ. ವಕೀಲರು ಹುಡುಕಿದಾಗ ಸರಿಯಾದ ತೀರ್ಪು ಕೈಗೆ ಸಿಗಬೇಕು, ಅಷ್ಟೇ.

ಈ ಕೆಲಸ ನಾನು ಕಾನೂನು ಕಾಲೇಜಿನಲ್ಲಿ ಕಲಿಯಲಿಲ್ಲ, ಅಪ್ಪನಿಂದ ಕಲಿತೆ. ಅಪ್ಪ ಹಾವೇರಿಯಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದರು. ನಾಗಪುರದಿಂದ ಎಐಆರ್‌ನ ಹೊಸ ಸಂಚಿಕೆ ಅಂಚೆಯಲ್ಲಿ ಬಂದ ದಿನ ಸಂಜೆ ಅವರು ಮನೆಗೆ ತಡವಾಗಿ ಬರುತ್ತಿದ್ದರು. ಹೊಸ ಸಂಚಿಕೆಯಲ್ಲಿ ಹಿಂದಿನ ಯಾವ ತೀರ್ಪುಗಳು ರದ್ದಾಗಿವೆ ಎಂಬ ಪಟ್ಟಿ ಇರುತ್ತಿತ್ತು. ಅಪ್ಪ ಆ ಪಟ್ಟಿ ಹಿಡಿದು ಕಪಾಟಿನ ಹಳೆಯ ಸಂಪುಟ ಇಳಿಸಿ, ಆ ಪುಟ ತೆಗೆದು, ಅಂಚಿನಲ್ಲಿ ಕೆಂಪು ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಹೆಚ್ಚು ಬರೆಯಬೇಕಿದ್ದರೆ ಚೀಟಿ ಕತ್ತರಿಸಿ ಗೋಂದು ಹಚ್ಚಿ ಅಂಟಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದರೆ ಗೋಂದಿನ ಡಬ್ಬಿ ಹಿಡಿಯುವ ಕೆಲಸ ನನ್ನದು.

ಅಮೆರಿಕದ ಇಲಿನಾಯ್ ಪ್ರಾಂತ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ಇದೇ ಕೆಲಸವನ್ನು ವ್ಯಾಪಾರ ಮಾಡಿಕೊಂಡಿದ್ದ ಎಂದು ನನಗೆ ಗೊತ್ತಾದದ್ದು ದೆಹಲಿಗೆ ಬಂದ ಮೇಲೆ. ಯಾವ ತೀರ್ಪನ್ನು ಮುಂದೆ ಯಾವ ತೀರ್ಪು ಪ್ರಸ್ತಾಪಿಸಿತು ಎಂದು ಗೋಂದು ಹಚ್ಚಿದ ಚೀಟಿಗಳಲ್ಲಿ ಮುದ್ರಿಸಿ ವಕೀಲರಿಗೆ ಮಾರುತ್ತಿದ್ದನಂತೆ. ಅವನ ಹೆಸರೇ ಅಲ್ಲಿ ಕ್ರಿಯಾಪದವಾಗಿದೆ. ಕೋರ್ಟಿಗೆ ಹೋಗುವ ಮುನ್ನ ತೀರ್ಪನ್ನು ‘ಶೆಪರ್ಡೈಸ್’ ಮಾಡಿದಿರಾ ಎಂದು ಅಲ್ಲಿನ ವಕೀಲರು ಕೇಳುತ್ತಾರೆ. ನಮ್ಮ ಹಾವೇರಿಯಲ್ಲಿ ಅದಕ್ಕೆ “ಗುಮಾಸ್ತರ ಹತ್ರ ತೋರಿಸೀರೇನು” ಎನ್ನುತ್ತಿದ್ದರು.

ತೀರ್ಪಿಗೊಂದು ವಿಳಾಸ

ನಮ್ಮ ದೇಶದಲ್ಲಿ ಒಂದು ತೀರ್ಪಿನ ತೂಕ ಆ ಕಕ್ಷಿದಾರರಿಗಷ್ಟೇ ಸೀಮಿತವಲ್ಲ. ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುತ್ತದೆ ಎನ್ನುತ್ತದೆ ಸಂವಿಧಾನದ 141ನೇ ವಿಧಿ. ಹಾಗಾಗಿ ಹಳೆಯ ತೀರ್ಪು ಹುಡುಕುವುದು ಎಂದರೆ ಕಾನೂನನ್ನೇ ಹುಡುಕುವುದು. ಹುಡುಕಬೇಕಾದರೆ ಮೊದಲು ವಿಳಾಸ ಬೇಕು.

ಬ್ರಿಟಿಷರ ಕಾಲದಲ್ಲಿ 1875ರ ಕಾಯ್ದೆಯೊಂದರ ಹಿಂದೆಯೇ, 1876ರಿಂದ ಕಲ್ಕತ್ತ, ಮದ್ರಾಸ್, ಬಾಂಬೆ, ಅಲಹಾಬಾದ್ ಹೈಕೋರ್ಟುಗಳ ತೀರ್ಪುಗಳ ಅಧಿಕೃತ ಸರಣಿ ಹೊರಟಿತು. ಅದು ನಿಧಾನ. ಆ ನಿಧಾನದಿಂದಲೇ ಖಾಸಗಿ ಪತ್ರಿಕೆಗಳಿಗೆ ಜಾಗ ಸಿಕ್ಕಿತು. 1891ರಲ್ಲಿ ಮದ್ರಾಸ್ ಲಾ ಜರ್ನಲ್ ಬಂತು, 1914ರಲ್ಲಿ ಆಲ್ ಇಂಡಿಯಾ ರಿಪೋರ್ಟರ್, ಅಂದರೆ ಎಐಆರ್. ಸುಪ್ರೀಂ ಕೋರ್ಟಿನ ಅಧಿಕೃತ ಎಸ್‌ಸಿಆರ್ 1950ರಿಂದ, ಲಖನೌದ ಎಸ್‌ಸಿಸಿ 1969ರಿಂದ. ಹೀಗೆ ಒಂದೇ ತೀರ್ಪಿಗೆ ನಾಲ್ಕಾರು ವಿಳಾಸಗಳಾದವು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣವನ್ನೇ ನೋಡಿ. 13 ನ್ಯಾಯಮೂರ್ತಿಗಳು ಕೂತು 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು 7–6ರ ಬಹುಮತದಿಂದ ಹೇಳಿದ ತೀರ್ಪು ಅದು. ಅದರ ಒಂದು ವಿಳಾಸ ‘ಎಐಆರ್ 1973 ಎಸ್‌ಸಿ 1461’. ಇನ್ನೊಂದು ‘(1973) 4 ಎಸ್‌ಸಿಸಿ 225’. ಮೊದಲನೆಯದರಲ್ಲಿ ಪತ್ರಿಕೆ, ವರ್ಷ, ಕೋರ್ಟು, ಪುಟ. ಎರಡನೆಯದರಲ್ಲಿ ವರ್ಷ, ಸಂಪುಟ, ಪತ್ರಿಕೆ, ಪುಟ. ಒಬ್ಬ ವಕೀಲರ ಬಳಿ ಒಂದು ಪತ್ರಿಕೆ, ಎದುರಾಳಿಯ ಬಳಿ ಇನ್ನೊಂದು. ಎರಡೂ ಒಂದೇ ತೀರ್ಪು ಎಂದು ತಿಳಿಸಲು ಸಮಾನ ವಿಳಾಸಗಳ ಪಟ್ಟಿ ಮಾಡುವುದೂ ನಮ್ಮ ಪಾಲಿನ ಕೆಲಸ.

2023ರಲ್ಲಿ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಿಗೆ ತಾನೇ ಸಂಖ್ಯೆ ಕೊಡಲು ತೊಡಗಿತು. ‘2023 ಐಎನ್‌ಎಸ್‌ಸಿ 1’ ಹೀಗೆ. ಯಾವ ಪ್ರಕಾಶಕರ ಹಂಗೂ ಇಲ್ಲದ ವಿಳಾಸ. ನಮ್ಮ ಹೈಕೋರ್ಟಿನ ಆದೇಶಗಳಲ್ಲೂ ಈಗ ‘ಕೆಎಚ್‌ಸಿ’ ಎಂಬ ಗುರುತು ಕಾಣುತ್ತದೆ. ‘ಕೆಎಚ್‌ಸಿ-ಡಿ’ ಇದ್ದರೆ ಧಾರವಾಡ ಪೀಠ, ‘ಕೆಎಚ್‌ಸಿ-ಕೆ’ ಇದ್ದರೆ ಕಲಬುರಗಿ. ಕಾಕಾ ಫೋನ್ ಮಾಡಿದ ಆ ಜನವರಿಯಲ್ಲೇ ಸುಪ್ರೀಂ ಕೋರ್ಟಿನ ಅಧಿಕೃತ ತೀರ್ಪುಗಳು ಇ-ಎಸ್‌ಸಿಆರ್ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದವು. 2008ರಿಂದಲೇ ಇಂಡಿಯನ್ ಕಾನೂನ್ ತಾಣ ಇತ್ತು. ಹಳ್ಳಿಯ ಹುಡುಗ ಮೊಬೈಲಿನಲ್ಲಿ ತೀರ್ಪು ಹುಡುಕುವ ಕಾಲ ಬಂದದ್ದು ಹೀಗೆ. ಅದು ಒಳ್ಳೆಯದೇ. ಆದರೆ ವಿಳಾಸ ಸಿಕ್ಕ ಮಾತ್ರಕ್ಕೆ ಮನೆಯಲ್ಲಿ ಜನ ಇದ್ದಾರೆಂದು ಅರ್ಥವಲ್ಲ.

ಜಿಲ್ಲೆ, ತಾಲ್ಲೂಕು, ಹೋಬಳಿ, ಸರ್ವೆ ನಂಬರ್

ಕೋರ್ಟಿನಿಂದ ಬರುವ ತೀರ್ಪು ಹಸಿ ಮಾಲು. ಕೆಲವು ಎರಡು ಪುಟ, ಕೆಲವು ಐನೂರು. ನ್ಯಾಯಮೂರ್ತಿಗಳು ವಾದ ದಾಖಲಿಸುತ್ತಾರೆ, ಇತಿಹಾಸ ಹೇಳುತ್ತಾರೆ, ಹತ್ತಾರು ಹಳೆಯ ತೀರ್ಪುಗಳಿಂದ ಉದ್ಧರಿಸುತ್ತಾರೆ. ಅದರಲ್ಲಿ ತೀರ್ಪಿನ ತಿರುಳು ಯಾವುದು, ಹಾದಿಯಲ್ಲಿ ಆಡಿದ ಮಾತು ಯಾವುದು ಎಂದು ಬೇರ್ಪಡಿಸಬೇಕು. ತಿರುಳು ಮಾತ್ರ ಮುಂದಿನ ಕೋರ್ಟುಗಳನ್ನು ಕಟ್ಟಿಹಾಕುತ್ತದೆ. ಮಿಕ್ಕದ್ದು ಗೌರವದಿಂದ ಕೇಳಬೇಕಾದ ಮಾತು, ಅಷ್ಟೇ.

ತಿರುಳು ಸಿಕ್ಕ ಮೇಲೆ ಅದನ್ನು ನಾಲ್ಕೈದು ಸಾಲಿನಲ್ಲಿ ಬರೆಯುತ್ತೇವೆ. ಇದಕ್ಕೆ ಹೆಡ್‌ನೋಟ್ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಶೀರ್ಷಿಕೆಗಳ ಸಾಲು. ಭೂಸ್ವಾಧೀನ, ಅದರೊಳಗೆ ಸ್ವಾಧೀನ ರದ್ದಾಗುವುದು, ಅದರೊಳಗೆ ‘ಪರಿಹಾರ ಪಾವತಿ’ ಎಂಬುದರ ಅರ್ಥ. ನಮ್ಮ ಉತಾರದ ಹಾಗೆಯೇ ಇದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಕೊನೆಗೆ ಹಿಸ್ಸಾ. ಹಿಸ್ಸಾ ತಪ್ಪಿದರೆ ಪಕ್ಕದವರ ಹೊಲ ಉತ್ತಂತೆ.

ಕಂಪ್ಯೂಟರಿನಲ್ಲಿ ಪದ ಹುಡುಕಿದರೆ ಸಾಲದೇ ಎಂದು ಹೊಸ ಹುಡುಗರು ಕೇಳುತ್ತಾರೆ. ಅವರಿಗೆ ನಾನು ಉಮಾದೇವಿ ಪ್ರಕರಣ ಹೇಳುತ್ತೇನೆ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾಗಿ 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಮುಗಿದ ಪ್ರಕರಣ. ನೇಮಕಾತಿ ನಿಯಮ ಮೀರಿ ಒಳಬಂದವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು. ಆದರೆ ಕಾನೂನುಬಾಹಿರ ನೇಮಕ ಬೇರೆ, ಕ್ರಮದಲ್ಲಿ ಲೋಪವಾದ ನೇಮಕ ಬೇರೆ ಎಂದು ಬಿಡಿಸಿ, ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ತಡೆಯಾಜ್ಞೆಯ ಬಲವಿಲ್ಲದೆ ಹತ್ತು ವರ್ಷ ದುಡಿದ, ಎರಡನೆಯ ಗುಂಪಿನವರನ್ನು ಒಂದು ಬಾರಿಗೆ ಪರಿಗಣಿಸಿ ಎಂದಿತು. ಸಾವಿರಾರು ಮನೆಗಳ ಅನ್ನ ಆ ಎರಡು ಪದಗಳ ನಡುವಿನ ಸಂದಿನಲ್ಲಿತ್ತು. ಇಂಥ ನೌಕರರನ್ನು ಒಬ್ಬ ನ್ಯಾಯಮೂರ್ತಿ ದಿನಗೂಲಿ ಎನ್ನುತ್ತಾರೆ, ಇನ್ನೊಬ್ಬರು ಕ್ಯಾಶುವಲ್, ಮತ್ತೊಬ್ಬರು ಅಡ್‌ಹಾಕ್, ಮಗದೊಬ್ಬರು ಗುತ್ತಿಗೆ ಅಥವಾ ತಾತ್ಕಾಲಿಕ. ಒಂದು ಪದ ಹುಡುಕಿದವರಿಗೆ ಮಿಕ್ಕ ನಾಲ್ಕು ಕಾಣುವುದಿಲ್ಲ. ಐದನ್ನೂ ಒಂದೇ ಕಪಾಟಿಗೆ ತಂದು ‘ಇದನ್ನೂ ನೋಡಿ’ ಎಂದು ಕೈತೋರುವವರು ಬೇಕು.

ಕೆಲವೊಮ್ಮೆ ಕಪಾಟೇ ಇರುವುದಿಲ್ಲ. ಖಾಸಗಿತನದ ಹಕ್ಕಿನ ಕಥೆ ಹಾಗಾಯಿತು. 1954ರ ಎಂ.ಪಿ. ಶರ್ಮಾ ತೀರ್ಪು ಇದ್ದದ್ದು ಶೋಧ ಮತ್ತು ಜಪ್ತಿಯ ವಿಷಯದಲ್ಲಿ. 1962ರ ಖರಕ್ ಸಿಂಗ್ ತೀರ್ಪು ಪೊಲೀಸ್ ಕಣ್ಗಾವಲಿನದು. ಆಮೇಲೆ ಬಂದವುಗಳಲ್ಲಿ ಒಂದು ಪತ್ರಿಕಾ ಸ್ವಾತಂತ್ರ್ಯದ್ದು, ಇನ್ನೊಂದು ಫೋನ್ ಕದ್ದಾಲಿಕೆಯದು. ಎಲ್ಲದರ ಹೊಟ್ಟೆಯಲ್ಲೂ ಒಂದೇ ಪ್ರಶ್ನೆ ಇದ್ದರೂ ಬೇರೆ ಬೇರೆ ಕಪಾಟಿನಲ್ಲಿ ಹಂಚಿಹೋಗಿದ್ದವು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದಾಗ ನಮ್ಮ ಕಚೇರಿಯಲ್ಲಿ ವಾರಗಟ್ಟಲೆ ಹಳೆಯ ತೀರ್ಪುಗಳನ್ನು ಮರಳಿ ಓದಿದೆವು. ಒಂಬತ್ತು ಜನ ಯಾಕೆ ಕೂತರು? ಎಂ.ಪಿ. ಶರ್ಮಾ ಪೀಠದಲ್ಲಿ ಎಂಟು ಜನ, ಖರಕ್ ಸಿಂಗ್ ಪೀಠದಲ್ಲಿ ಆರು ಜನ ಇದ್ದರು. ಎಂಟನ್ನು ಮೀರಲು ಒಂಬತ್ತು ಬೇಕು. ಅದಕ್ಕೇ ಪೀಠದಲ್ಲಿ ಎಷ್ಟು ಜನರಿದ್ದರು ಎಂಬುದನ್ನು ಪ್ರತಿ ತೀರ್ಪಿನ ಜೊತೆ ಬರೆದಿಡುತ್ತೇವೆ.

ಒಂದು ಪದದ ತಪ್ಪು

ಸೇರಿದ ಎರಡನೇ ವರ್ಷ ನಾನೊಂದು ತಪ್ಪು ಮಾಡಿದೆ. ಹಳೆಯ ತೀರ್ಪೊಂದರ ಬಗ್ಗೆ ಹೊಸ ತೀರ್ಪು, ‘ಈ ತತ್ವವನ್ನು ನಾವು ಗೌರವದಿಂದ ಒಪ್ಪುತ್ತೇವೆ’ ಎಂದು ಒಂದು ಪ್ಯಾರಾದಲ್ಲಿ ಬರೆದಿತ್ತು. ನಾನು ‘ಅನುಸರಿಸಲಾಗಿದೆ’ ಎಂದು ಗುರುತು ಹಾಕಿ ಮುಂದೆ ಹೋದೆ. ಮೂರು ಪ್ಯಾರಾ ದಾಟಿದ ಮೇಲೆ, ‘ಆದರೆ ಈ ಪ್ರಕರಣದ ಸಂಗತಿಗಳು ಬೇರೆಯಾದ್ದರಿಂದ ಅದು ಇಲ್ಲಿ ಅನ್ವಯಿಸದು’ ಎಂದಿತ್ತು. ಹಾಕಬೇಕಾಗಿದ್ದ ಗುರುತು ‘ಭಿನ್ನ’ ಎಂದು.

ಒಂದೂವರೆ ತಿಂಗಳ ನಂತರ ಹಿರಿಯ ವಕೀಲರೊಬ್ಬರಿಂದ ಪತ್ರ ಬಂತು. ನಮ್ಮ ಗುರುತು ನಂಬಿ ಕೋರ್ಟಿನಲ್ಲಿ ಅದನ್ನೇ ಓದಿದರಂತೆ. ಎದುರಿನ ವಕೀಲರು ಎದ್ದು ಮೂರು ಪ್ಯಾರಾ ಮುಂದಿನದನ್ನು ಓದಿದರಂತೆ. ಪತ್ರದಲ್ಲಿ ಒಂದೂ ಕಟುವಾದ ಮಾತಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ನಮ್ಮ ಹಿರಿಯ ಸಂಪಾದಕರು ನನ್ನಿಂದಲೇ ತಿದ್ದುಪಡಿ ಬರೆಸಿ, ನನ್ನಿಂದಲೇ ಆ ವಕೀಲರಿಗೆ ಫೋನ್ ಮಾಡಿಸಿದರು. ಆಮೇಲೆ ಚಹಾ ತರಿಸಿ ಹೇಳಿದರು: “ತೀರ್ಪನ್ನು ಪೂರ್ತಿ ಓದುವವರಿಗೆ ನಾವು ಬೇಕಿಲ್ಲ. ನಾವು ಓದಿದ್ದೇವೆ ಎಂದು ನಂಬಿ ಓದದೇ ಬಿಡುತ್ತಾರಲ್ಲ, ಅವರಿಗಾಗಿ ನಾವಿದ್ದೇವೆ.”

ಆ ಗುರುತುಗಳು ಹೆಚ್ಚೇನಿಲ್ಲ. ಅನುಸರಿಸಿದೆ, ಭಿನ್ನ ಎಂದಿದೆ, ಸಂದೇಹಪಟ್ಟಿದೆ, ತಳ್ಳಿಹಾಕಿದೆ. ಕೆಳಗಿನ ಕೋರ್ಟಿನ ತೀರ್ಪು ಅದೇ ಪ್ರಕರಣದ ಮೇಲ್ಮನವಿಯಲ್ಲಿ ಬಿದ್ದುಹೋದರೆ ಅದು ‘ರಿವರ್ಸ್’. ಬೇರೆ ಪ್ರಕರಣದಲ್ಲಿ ದೊಡ್ಡ ಪೀಠ ಹಳೆಯ ಕಾನೂನನ್ನೇ ತಪ್ಪೆಂದರೆ ‘ಓವರ್‌ರೂಲ್’. ಮೊದಲನೆಯದರಲ್ಲಿ ಒಂದು ಮನೆಯ ಸೋಲು, ಎರಡನೆಯದರಲ್ಲಿ ಆ ತೀರ್ಪು ನಂಬಿ ಕೂತ ಎಲ್ಲರ ಸೋಲು. ಇವೆರಡರ ನಡುವೆ ಅರೆಜೀವದವೂ ಇವೆ. ಉನ್ನಿಕೃಷ್ಣನ್ ಪ್ರಕರಣದ 1993ರ ತೀರ್ಪು ಖಾಸಗಿ ಕಾಲೇಜುಗಳ ಪ್ರವೇಶ ಮತ್ತು ಶುಲ್ಕಕ್ಕೆ ಯೋಜನೆಯೊಂದನ್ನು ಹಾಕಿಕೊಟ್ಟಿತ್ತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳು 2002ರಲ್ಲಿ ಆ ಯೋಜನೆಯನ್ನು ತಳ್ಳಿಹಾಕಿದರು. ಆದರೆ ಪ್ರಾಥಮಿಕ ಶಿಕ್ಷಣ ಮೂಲಭೂತ ಹಕ್ಕು ಎಂದ ಭಾಗ ಸರಿ ಎಂದರು. ಅಂಥ ತೀರ್ಪಿನ ಮೇಲೆ ಸುಮ್ಮನೆ ಕೆಂಪು ಗೆರೆ ಎಳೆದರೆ ಬದುಕಿರುವ ಭಾಗವನ್ನೂ ಹೂತಂತೆ.

ಇದನ್ನೆಲ್ಲ ಗುಮಾಸ್ತಿಕೆ ಎಂದು ಕೆಲವರು ಹಗುರವಾಗಿ ಕಾಣುತ್ತಾರೆ. ಲಖನೌದ ಈಸ್ಟರ್ನ್ ಬುಕ್ ಕಂಪನಿಯ ದಾವೆಯಲ್ಲಿ 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಕಾಣಲಿಲ್ಲ. ತೀರ್ಪಿನ ಮೂಲಪಾಠ ಎಲ್ಲರ ಸ್ವತ್ತು ಎಂದಿತು. ಆದರೆ ಪ್ಯಾರಾ ಬಿಡಿಸಿ ಸಂಖ್ಯೆ ಕೊಡುವುದು, ಯಾವ ನ್ಯಾಯಮೂರ್ತಿ ಸಹಮತ, ಯಾರು ಭಿನ್ನಮತ ಎಂದು ತಿಳಿಸುವುದಕ್ಕೆ ಕಾನೂನಿನ ತಿಳಿವಳಿಕೆ ಬೇಕು, ಅದಕ್ಕೆ ಹಕ್ಕುಸ್ವಾಮ್ಯ ಉಂಟು ಎಂದಿತು. ಆ ಸಂಚಿಕೆ ಬಂದಾಗ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. “ಗೋಂದಿಗೂ ಕಿಮ್ಮತ್ತು ಬಂತಲ್ಲ” ಎಂದು ನಕ್ಕಿದ್ದರು.

ಕಾಕಾನ ಕೇಸು

ಆ ರಾತ್ರಿ ಕಾಕಾನಿಗೆ ಹೇಳಬೇಕಾದದ್ದು ಇದು.

1894ರ ಹಳೆಯ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ 2014ರ ಜನವರಿ 1ರಿಂದ ಹೊಸ ಕಾಯ್ದೆ ಬಂತು. ಅದರ 24(2) ಕಲಂ, ಐದು ವರ್ಷಕ್ಕೂ ಹಿಂದೆ ಪರಿಹಾರದ ಆದೇಶವಾಗಿದ್ದರೂ ಸರ್ಕಾರ ಜಮೀನು ವಶಕ್ಕೆ ಪಡೆಯದಿದ್ದರೆ ‘ಅಥವಾ’ ಪರಿಹಾರ ಕೊಡದಿದ್ದರೆ ಸ್ವಾಧೀನ ರದ್ದು ಎಂದಿತು. ಅದೇ ತಿಂಗಳು ಪುಣೆ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು, ಹಣ ಸರ್ಕಾರದ ಖಜಾನೆಯಲ್ಲಿದ್ದರೆ ಕೊಟ್ಟಂತಲ್ಲ ಎಂದರು. ದೇಶದ ತುಂಬ ರೈತರು ಅದನ್ನು ಹಿಡಿದು ಕೋರ್ಟಿಗೆ ಹೋದರು. 2018ರ ಫೆಬ್ರುವರಿಯಲ್ಲಿ ಇನ್ನೊಂದು ಮೂವರ ಪೀಠ ಬಹುಮತದಿಂದ ಪುಣೆ ತೀರ್ಪೇ ಸರಿಯಲ್ಲ ಎಂದಿತು. ಸಮಬಲದ ಎರಡು ಪೀಠ, ಎರಡು ಮಾತು. ಕೊನೆಗೆ 2020ರ ಮಾರ್ಚ್ 6ರಂದು ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಐವರ ಪೀಠ ಪುಣೆ ತೀರ್ಪನ್ನೂ ಅದನ್ನು ಅನುಸರಿಸಿದ ತೀರ್ಪುಗಳನ್ನೂ ತಳ್ಳಿಹಾಕಿತು. ಆ ‘ಅಥವಾ’ವನ್ನು ‘ಮತ್ತು’ ಎಂದೇ ಓದಬೇಕು, ಜಮೀನೂ ವಶವಾಗಿಲ್ಲ, ಹಣವೂ ಕೊಟ್ಟಿಲ್ಲ ಎಂದರೆ ಮಾತ್ರ ಸ್ವಾಧೀನ ರದ್ದು ಎಂದಿತು. ನಮ್ಮ ಹೊಲದಲ್ಲಿ ಕಾಲುವೆಯೇ ಹರಿಯುತ್ತಿತ್ತು.

“ಅಂದ್ರ ಹೊಲ ಬರೂದಿಲ್ಲ?” ಕಾಕಾ ಕೇಳಿದರು.

“ಬರೂದಿಲ್ರೀ ಕಾಕಾ.”

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಟಿವಿಯ ಸದ್ದು ಮಾತ್ರ ಕೇಳುತ್ತಿತ್ತು. “ಆ ಹುಡುಗ ಸುಳ್ಳ ಹೇಳಿದ್ನೇನು ಹಂಗಾರ?”

“ಸುಳ್ಳಲ್ರೀ. ಅರ್ಧ ನೋಡ್ಯಾನ.”

ನಿದ್ದೆ ಬರಲಿಲ್ಲ. ಇಂದೋರ್ ತೀರ್ಪಿನ ಹೆಡ್‌ನೋಟ್ ಬರೆಯುವಾಗ ನಮ್ಮ ತಂಡದಲ್ಲಿ ನಾನೂ ಇದ್ದೆ. ತೀರ್ಪಿನ ಕೊನೆಯಲ್ಲಿ ಒಂಬತ್ತು ತೀರ್ಮಾನಗಳಿವೆ. ಸುದ್ದಿಯಾದದ್ದು ‘ಅಥವಾ’ ಎಂಬ ಪದದ್ದು. ನಾಲ್ಕನೆಯದು ನೆನಪಾಯಿತು. ಎದ್ದು ಕಂಪ್ಯೂಟರ್ ತೆರೆದೆ. ಪರಿಹಾರದ ಹಣ ಕೋರ್ಟಿನಲ್ಲಿ ಇಡದಿದ್ದರೆ ಸ್ವಾಧೀನ ರದ್ದಾಗದು, ಆದರೆ ಹಳೆಯ ಕಾಯ್ದೆಯ 34ನೇ ಕಲಮಿನ ಬಡ್ಡಿ ಕೊಡಿಸಬಹುದು ಎಂದಿತ್ತು. ಆ ಕಲಮಿನಲ್ಲಿ ಜಮೀನು ವಶವಾದ ಮೊದಲ ವರ್ಷಕ್ಕೆ ಶೇ 9, ನಂತರದ ಅವಧಿಗೆ ಶೇ 15 ಬಡ್ಡಿ. ನಾವು ಇದನ್ನು ‘ಸ್ವಾಧೀನ ರದ್ದು’ ಎಂಬ ಶೀರ್ಷಿಕೆಯಲ್ಲಿ ಮಾತ್ರ ಬಿಡದೆ ‘ಪರಿಹಾರ — ಪಾವತಿ ವಿಳಂಬ — ಬಡ್ಡಿ’ ಎಂಬಲ್ಲೂ ಹಾಕಿದ್ದೆವು. ಹೊಲ ವಾಪಸ್ ಬರುವ ದಾರಿ ಹುಡುಕುವವರು ಆ ಎರಡನೆಯ ಕಪಾಟಿನ ಕಡೆ ನೋಡುವುದಿಲ್ಲ. ಬಾಗಿಲು ಮುಚ್ಚಿದ ತೀರ್ಪಿನಲ್ಲೇ ಕಿಟಕಿಯೂ ಇತ್ತು.

ಬೆಳಿಗ್ಗೆ ವಕೀಲರಿಗೆ ಎರಡೂ ತೀರ್ಪಿನ ಪುಟಗಳನ್ನು ಕಳಿಸಿದೆ. ನಾನು ವಕೀಲಳಲ್ಲ, ನೀವು ಓದಿ ನೋಡಿ ಎಂದೆ. ಅವರು ಸಿಟ್ಟಾಗಲಿಲ್ಲ. “ಒಳ್ಳೇದಾತು ತಾಯಿ, ಧಾರವಾಡದಾಗ ಮಾನ ಹೋಗತಿತ್ತು” ಎಂದರು.

ಸಂಖ್ಯೆಗಳು ಬದಲಾದವು, ಯಂತ್ರಗಳು ಬಂದವು

ಈಗ ನಮ್ಮ ಕೆಲಸಕ್ಕೆ ಹೊಸ ತೊಡಕು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದವು. ಕಲಂ ಸಂಖ್ಯೆಯನ್ನೇ ನಂಬಿ ಕಟ್ಟಿದ ನೂರಾರು ವರ್ಷದ ಸೂಚಿಗಳು ಅಲುಗಾಡಿವೆ. ಕೊಲೆಗೆ 302 ಎಂದು ಮಕ್ಕಳಿಗೂ ಗೊತ್ತಿತ್ತು. ಈಗ ಕೊಲೆಯ ಶಿಕ್ಷೆ 103. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವಾಗಲೆಂದೇ ಆಡುವ ಮಾತಿಗೆ ಸಂಬಂಧಿಸಿದ್ದು. ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎಂದು ಬೈಯುವವರು ಇನ್ನು ‘ಮುನ್ನೂರ ಹದಿನೆಂಟು’ ಎನ್ನಬೇಕು. ಎಲ್ಲಕ್ಕಿಂತ ಅಪಾಯದ್ದು 482. ಹಳೆಯದರಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ, ಪ್ರಕರಣ ರದ್ದು ಕೋರುವ ದಾರಿ. ಹೊಸದರಲ್ಲಿ ಅದೇ ಸಂಖ್ಯೆ ನಿರೀಕ್ಷಣಾ ಜಾಮೀನು. ಬರಿ ಸಂಖ್ಯೆ ಹುಡುಕಿದವರ ಮುಂದೆ ಎರಡೂ ಕಲಸಿಕೊಂಡು ಬರುತ್ತವೆ. ಹಳೆಯ ಕಲಮಿನ ತೀರ್ಪುಗಳನ್ನು ಹೊಸ ಕಲಮಿಗೆ ಜೋಡಿಸುವಾಗ ಮಾತು ಎಲ್ಲಿ ಹಾಗೇ ಉಳಿದಿದೆ, ಎಲ್ಲಿ ಬದಲಾಗಿದೆ ಎಂದು ಒಂದೊಂದಾಗಿ ನೋಡುತ್ತಿದ್ದೇವೆ.

ಇನ್ನೊಂದು ತೊಡಕು ಕೃತಕ ಬುದ್ಧಿಮತ್ತೆಯದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದರು. ನಮಗೇನು ಎಂದುಕೊಳ್ಳುವಂತಿಲ್ಲ. ಇಲ್ಲದ ತೀರ್ಪುಗಳನ್ನು ಕೆಳಗಿನ ಕೋರ್ಟಿನ ಆದೇಶವೊಂದರಲ್ಲಿ ಉಲ್ಲೇಖಿಸಿದ ಸಂಗತಿಯನ್ನು ನಮ್ಮ ಕರ್ನಾಟಕ ಹೈಕೋರ್ಟೇ 2025ರ ಮಾರ್ಚ್‌ನಲ್ಲಿ ಗಂಭೀರವಾಗಿ ತೆಗೆದುಕೊಂಡಿತು. ಹುಸಿ ಸೈಟೇಶನ್ ನೋಡಲು ಅಸಲಿಯಂತೆಯೇ ಇರುತ್ತದೆ. ವರ್ಷ ಇದೆ, ಸಂಪುಟ ಇದೆ, ಪುಟ ಇದೆ. ಆ ಪುಟ ತೆರೆದರೆ ಬೇರೆ ಯಾರದೋ ಪ್ರಕರಣ. ಯಂತ್ರ ನನಗೂ ಸಹಾಯ ಮಾಡುತ್ತದೆ, ಐನೂರು ಪುಟದಲ್ಲಿ ಎಲ್ಲಿ ನೋಡಬೇಕೆಂದು ತೋರಿಸುತ್ತದೆ. ಗುರುತು ಹಾಕುವ ಮುನ್ನ ಮೂರು ಪ್ಯಾರಾ ಮುಂದೆ ಓದುವುದನ್ನು ಮಾತ್ರ ನಾನು ಬಿಟ್ಟಿಲ್ಲ.

ಪರವೂರಿನಲ್ಲಿರುವ ನಮ್ಮಲ್ಲಿ ಬಹಳ ಜನರಿಗೆ ಊರಲ್ಲೊಂದು ಕೇಸಿರುತ್ತದೆ. ಹೊಲದ್ದೋ, ಪಾಲಿನದ್ದೋ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ತೀರ್ಪು ನೋಡಿ ಮನೆಯವರಿಗೆ ಆಸೆ ಹುಟ್ಟಿಸುವ ಮುನ್ನ ನಾಲ್ಕು ಮಾತು ಕೇಳಿ. ಯಾವ ಕೋರ್ಟು? ಎಷ್ಟು ಜನರ ಪೀಠ? ಯಾವ ವರ್ಷ? ಆಮೇಲೆ ಅದಕ್ಕೇನಾಯಿತು? ಮೊದಲ ಮೂರಕ್ಕೆ ತೀರ್ಪಿನ ಮೊದಲ ಮತ್ತು ಕೊನೆಯ ಪುಟದಲ್ಲೇ ಉತ್ತರ ಇರುತ್ತದೆ. ನಾಲ್ಕನೆಯದನ್ನು ಆ ತೀರ್ಪು ತಾನಾಗಿ ಎಂದೂ ಹೇಳುವುದಿಲ್ಲ. ತಾನು ಸತ್ತದ್ದು ಅದಕ್ಕೇ ಗೊತ್ತಿರುವುದಿಲ್ಲ. ಅದನ್ನು ವಕೀಲರ ಬಳಿ ಕೇಳಿಯೇ ತಿಳಿಯಬೇಕು.

ಕಾಕಾನ ಅರ್ಜಿಯನ್ನು ವಕೀಲರು ತಿದ್ದಿದರು. ಹೊಲ ಬೇಡ, ಪರಿಹಾರ ಮತ್ತು ಬಡ್ಡಿ ಕೊಡಿಸಿ ಎಂದು. ಒಂದೂವರೆ ವರ್ಷ ಹಿಡಿಯಿತು. ಹೊಲದ ಈಗಿನ ಬೆಲೆಗೆ ಹೋಲಿಸಿದರೆ ಬಂದ ಹಣ ದೊಡ್ಡದಲ್ಲ. ನಾಲ್ಕು ಪಾಲಾಗಿ ಹಂಚಿಯೂ ಹೋಯಿತು. ಕಾಕಾ ತಮ್ಮ ಪಾಲಿನಲ್ಲಿ ಮೊಮ್ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಿದರು.

ಕಳೆದ ಉಗಾದಿಗೆ ಊರಿಗೆ ಹೋದಾಗ ಹಾವೇರಿಯಲ್ಲಿ ಅಪ್ಪ ಕೆಲಸ ಮಾಡಿದ ಕಚೇರಿಗೂ ಹೋಗಿದ್ದೆ. ಅಪ್ಪ ತೀರಿಕೊಂಡು ಆರು ವರ್ಷ. ಹಿರಿಯ ವಕೀಲರೂ ಇಲ್ಲ, ಅವರ ಮಗ ಲ್ಯಾಪ್‌ಟಾಪಿನಲ್ಲೇ ಎಲ್ಲ ನೋಡುತ್ತಾರೆ. ಎಐಆರ್ ಸಂಪುಟಗಳು ಮಾತ್ರ ಗೋಡೆ ತುಂಬ ಹಾಗೇ ನಿಂತಿವೆ. ಒಂದನ್ನು ಇಳಿಸಿ ತೆರೆದೆ. ಪುಟದ ಅಂಚಿನಲ್ಲಿ ಕೆಂಪು ಗೆರೆ, ಪಕ್ಕದಲ್ಲಿ ಹಳದಿಗಟ್ಟಿದ ಚೀಟಿ, ಅದರ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ಎರಡೇ ಪದ: ‘ಇದು ನಡೆಯೂದಿಲ್ಲ’. ಕೆಳಗೆ ಹೊಸ ತೀರ್ಪಿನ ಸಂಪುಟ ಮತ್ತು ಪುಟ.

ಚೀಟಿಯ ಒಂದು ಮೂಲೆ ಎದ್ದಿತ್ತು. ವಕೀಲರ ಮಗನ ಬಳಿ ಗೋಂದು ಕೇಳಿ ಅಂಟಿಸಿ ಬಂದೆ.